ದೋಣಿಯವರ ಸ್ಪಿರಿಟ್ ಒಲೆ, ನಮ್ಮ ಗೋವಿನಜೋಳದ ಎಥನಾಲ್

2025ರ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ಗೋವಿನಜೋಳ ಬೆಳೆದ ರೈತರು ಧರಣಿ ಕುಳಿತ ಮೇಲೆ ‘ಎಥನಾಲ್’ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಮನೆಮಾತಾಯಿತು. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಕಾಗದದ ಮೇಲಿತ್ತು, ಪೇಟೆಯಲ್ಲಿ ಇರಲಿಲ್ಲ. ಎಥನಾಲ್ ತಯಾರಿಸುವ ಡಿಸ್ಟಿಲರಿಗಳು ಎಷ್ಟು ಕಾಳು ಕೊಳ್ಳಬೇಕು, ಯಾವ ದರಕ್ಕೆ ಕೊಳ್ಳಬೇಕು ಎಂಬುದೇ ದೊಡ್ಡ ಚರ್ಚೆಯಾಯಿತು. ಅದರ ಬೆನ್ನಿಗೇ ಕಟ್ಟೆಯ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು: ಬೈಕು ಓಡಿಸುವ ಎಥನಾಲ್‌ನಿಂದ ಒಲೆ ಉರಿಯುವುದಿಲ್ಲವೇ?

ಉರಿಯುತ್ತದೆ. ಅದನ್ನು ಹಲವು ದಶಕಗಳಿಂದ ಉರಿಸುತ್ತ, ಅದರ ಒಳಿತು ಕೆಡುಕು ಎರಡನ್ನೂ ಚೆನ್ನಾಗಿ ಬಲ್ಲವರು ಮಾತ್ರ ನಮ್ಮಿಂದ ದೂರದವರು. ಸಣ್ಣ ಹಾಯಿದೋಣಿಗಳಲ್ಲಿ ವಾರಗಟ್ಟಲೆ ಸಮುದ್ರದ ಮೇಲಿರುವ ಜನ ಅವರು. ಹುಬ್ಬಳ್ಳಿಯ ಉಣಕಲ್ ಕೆರೆಯ ಪೆಡಲ್ ದೋಣಿಯಲ್ಲಿ ಅಡುಗೆ ಮಾಡುವ ಪ್ರಮೇಯ ನಮಗೆ ಬಾರದು. ಆದರೂ ಈ ಒಲೆಯನ್ನು ಅರ್ಥ ಮಾಡಿಕೊಳ್ಳಲು ದೋಣಿಯನ್ನೇ ಹತ್ತಬೇಕು. ಅದು ಅಲ್ಲಿ ಒಗ್ಗಲು ಇರುವ ಕಾರಣಗಳು ಗೊತ್ತಾದರೆ, ನಮ್ಮ ಅಡುಗೆಮನೆಗೆ ಅದು ಬರಬೇಕೇ ಬೇಡವೇ ಎಂಬುದನ್ನು ಓದುಗರೇ ತೂಗಿ ನೋಡಬಹುದು.

ಯಾವ ಆಲ್ಕೋಹಾಲ್?

ಆಲ್ಕೋಹಾಲ್ ಎನ್ನುವುದು ಒಂದು ವಸ್ತುವಲ್ಲ, ಒಂದು ಕುಟುಂಬ. ಒಲೆಯ ಮಟ್ಟಿಗೆ ಅದರಲ್ಲಿ ಇಬ್ಬರ ಪರಿಚಯ ಸಾಕು. ಒಂದು ಎಥನಾಲ್: ಕಬ್ಬಿನ ಕಾಕಂಬಿ, ಗೋವಿನಜೋಳ, ನುಚ್ಚಕ್ಕಿಗಳನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ಸಿಗುವುದು ಇದೇ. ಮದ್ಯದಲ್ಲಿರುವುದೂ ಇದೇ, ಪೆಟ್ರೋಲಿಗೆ ಶೇ 20ರಷ್ಟು ಬೆರೆಸುವುದೂ ಇದೇ. ಇನ್ನೊಂದು ಮೆಥನಾಲ್. ನೋಡಲು ಒಂದೇ ತರಹ, ಉರಿಯುವುದೂ ಒಂದೇ ತರಹ. ಆದರೆ ಅದು ವಿಷ. ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೆಡಿಸುತ್ತದೆ. ಕಳ್ಳಭಟ್ಟಿ ದುರಂತಗಳಲ್ಲಿ ಜನ ಕುರುಡರಾಗುವುದು, ಸಾಯುವುದು ಹೆಚ್ಚಾಗಿ ಇದರಿಂದಲೇ. ಕುಡಿದರೆ ಮಾತ್ರವಲ್ಲ, ಆವಿಯನ್ನು ಹೆಚ್ಚು ಹೊತ್ತು ಉಸಿರಾಡಿದರೂ ಚರ್ಮಕ್ಕೆ ಬಹಳ ತಾಗಿದರೂ ಕೇಡು.

ಅಂಗಡಿಯಲ್ಲಿ ‘ಸ್ಪಿರಿಟ್’ ಎಂದು ಕರೆಯುವುದು ಸಾಮಾನ್ಯವಾಗಿ ಕುಡಿಯಲಾಗದಂತೆ ಕೆಡಿಸಿದ ಎಥನಾಲ್. ಕಹಿ ಅಥವಾ ದುರ್ನಾತದ ರಾಸಾಯನಿಕವನ್ನೋ ಸ್ವಲ್ಪ ಮೆಥನಾಲನ್ನೋ ಸೇರಿಸಿ ಅದನ್ನು ಕೆಡಿಸಿರುತ್ತಾರೆ. ಮದ್ಯದ ತೆರಿಗೆ ತಪ್ಪಿಸಿ ಯಾರೂ ಅದನ್ನು ಕುಡಿಯಬಾರದೆಂಬ ಏರ್ಪಾಡು ಅದು.

ಈ ಉರಿಯನ್ನು ನಾವು ನೋಡಿಲ್ಲವೆಂದೇನೂ ಇಲ್ಲ. ಶಾಲೆಯ ಪ್ರಯೋಗಾಲಯದ ಸ್ಪಿರಿಟ್ ದೀಪ ಇದೇ. ಹುಬ್ಬಳ್ಳಿಯ ಕಲ್ಯಾಣ ಮಂಟಪಗಳಲ್ಲಿ ಬಫೆ ಊಟದ ಸ್ಟೀಲ್ ತಟ್ಟೆಗಳ ಕೆಳಗೆ ಪುಟ್ಟ ಡಬ್ಬಿಯೊಂದು ಸದ್ದಿಲ್ಲದೆ ಉರಿಯುತ್ತಿರುತ್ತದಲ್ಲ, ಅದರೊಳಗೂ ಹೆಚ್ಚಾಗಿ ಜೆಲ್ ರೂಪದ ಆಲ್ಕೋಹಾಲ್ ಇರುತ್ತದೆ.

ಉರಿಯುವುದು ಆವಿ

ಯಾವ ದ್ರವ ಇಂಧನವೂ ದ್ರವವಾಗಿ ಉರಿಯುವುದಿಲ್ಲ. ಅದರ ಮೇಲ್ಮೈಯಿಂದ ಏಳುವ ಆವಿ ಗಾಳಿಯೊಂದಿಗೆ ಬೆರೆತು ಉರಿಯುತ್ತದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಯಾವ ಉಷ್ಣತೆಯಲ್ಲಿ ಏಳತೊಡಗುತ್ತದೋ ಅದನ್ನು ಜ್ವಲನಬಿಂದು ಎನ್ನುತ್ತಾರೆ. ನಮ್ಮ ಹಿರಿಯರು ಚಿಮಣಿ ಎಣ್ಣೆ ಎನ್ನುತ್ತಿದ್ದ ಸೀಮೆಎಣ್ಣೆಗೆ ಅದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಎಥನಾಲಿಗೆ ಸುಮಾರು 13 ಡಿಗ್ರಿ. ಧಾರವಾಡದ ಡಿಸೆಂಬರ್ ಬೆಳಗಿನಲ್ಲಿಯೂ ಉಷ್ಣತೆ ಅಲ್ಲಿಗೆ ಇಳಿಯುವುದು ಅಪರೂಪ. ಅಂದರೆ ಬಾಯಿ ತೆರೆದಿಟ್ಟ ಸ್ಪಿರಿಟ್ ಬಾಟಲಿಯ ಮೇಲೆ ಹೊತ್ತಿಕೊಳ್ಳಬಲ್ಲ ಆವಿ ವರ್ಷದ ಬಹುಪಾಲು ಇದ್ದೇ ಇರುತ್ತದೆ. ಚಿಮಣಿ ಎಣ್ಣೆಯೊಂದಿಗೆ ಬೆಳೆದ ಕೈಗಳಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ದೋಣಿಗೆ ಗ್ಯಾಸ್ ಎಂದರೆ ಭಯವೇಕೆ?

ಇಷ್ಟು ಬೇಗ ಹೊತ್ತಿಕೊಳ್ಳುವ ಇಂಧನವನ್ನು, ಓಡಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲದ ದೋಣಿಯವರು ಆಯ್ದದ್ದಾದರೂ ಏಕೆ? ಉತ್ತರ ಸ್ಪಿರಿಟ್‌ನಲ್ಲಿ ಇಲ್ಲ, ದೋಣಿಯ ಆಕಾರದಲ್ಲಿದೆ.

ಎಲ್‌ಪಿಜಿ ಗಾಳಿಗಿಂತ ಭಾರ. ಅದರಲ್ಲಿರುವ ಪ್ರೊಪೇನ್ ಗಾಳಿಯ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ತೂಗುತ್ತದೆ. ಮನೆಯಲ್ಲಿ ಸೋರಿದರೆ ಅದು ನೆಲಕ್ಕೆ ಇಳಿಯುತ್ತದೆ. ಬಾಗಿಲಿನ ಸಂದಿಯಿಂದ, ಮೋರಿಯಿಂದ ಹೊರಗೆ ಹೋಗಲು ದಾರಿ ಇರುತ್ತದೆ. ಅದಕ್ಕೇ ಸೋರಿಕೆಯ ವಾಸನೆ ಬಂದಾಗ ಕಿಟಕಿಯೊಂದನ್ನೇ ಅಲ್ಲ, ಬಾಗಿಲನ್ನೂ ತೆರೆಯಿರಿ ಎನ್ನುವುದು. ದೋಣಿಗೆ ಬಾಗಿಲು ಇರುವುದು ಮೇಲೆ. ತಳದಲ್ಲಿ ಒಂದು ತೂತೂ ಇರಕೂಡದು, ಇದ್ದರೆ ಅದು ದೋಣಿಯೇ ಅಲ್ಲ. ಸೋರಿದ ಗ್ಯಾಸ್ ಕೆಳಗಿಳಿದು, ನಾವಿಕರು ಬಿಲ್ಜ್ ಎನ್ನುವ ತಳದ ಗುಂಡಿಯಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಎಷ್ಟು ಹೊತ್ತಾದರೂ ಅಲ್ಲೇ. ಅದೇ ತಳದಲ್ಲಿ ಬ್ಯಾಟರಿಯಿದೆ, ನೀರೆತ್ತುವ ಪಂಪಿದೆ, ಎಂಜಿನ್‌ನ ಸ್ಟಾರ್ಟರ್ ಇದೆ. ಗಾಳಿಯಲ್ಲಿ ಶೇ 2ರಷ್ಟು ಎಲ್‌ಪಿಜಿ ಸೇರಿದರೆ ಸಾಕು, ಒಂದು ಕಿಡಿಗೆ ಅದು ಸಿಡಿಯುತ್ತದೆ.

ಹಾಗೆಂದು ದೋಣಿಗಳಲ್ಲಿ ಗ್ಯಾಸ್ ಇಲ್ಲವೇ ಇಲ್ಲವೆಂದಲ್ಲ. ಇಂದು ದೊಡ್ಡ ಹಾಯಿದೋಣಿಗಳಲ್ಲಿ ಗ್ಯಾಸೇ ಹೆಚ್ಚು. ಆದರೆ ಅಲ್ಲಿ ಸಿಲಿಂಡರ್‌ಗೆ ಕೋಣೆಯೊಳಗಿನಿಂದ ಬೇರೆಯಾದ, ತಳದಿಂದ ನೇರ ಸಮುದ್ರಕ್ಕೆ ತೆರೆಯುವ ಕೊಳವೆಯುಳ್ಳ ಪೆಟ್ಟಿಗೆ ಇರುತ್ತದೆ. ಒಲೆಯ ಬಳಿಯ ಸ್ವಿಚ್ಚಿನಿಂದ ಸಿಲಿಂಡರಿನ ಬಾಯಲ್ಲೇ ಗ್ಯಾಸ್ ನಿಲ್ಲಿಸುವ ವಾಲ್ವ್ ಇರುತ್ತದೆ, ತಳದಲ್ಲಿ ಸೋರಿಕೆ ಪತ್ತೆಯ ಯಂತ್ರ ಇರುತ್ತದೆ. ಇಪ್ಪತ್ತೈದು ಅಡಿಯ ದೋಣಿಯಲ್ಲಿ ಇಷ್ಟಕ್ಕೆಲ್ಲ ಜಾಗವೂ ಇರುವುದಿಲ್ಲ, ಯಜಮಾನನ ಬಳಿ ಹಣವೂ ಇರುವುದಿಲ್ಲ.

ಎಥನಾಲಿನ ಆವಿಯೂ ಗಾಳಿಗಿಂತ ಸುಮಾರು 1.6 ಪಟ್ಟು ಭಾರವೇ. ಅದು ಸಿಡಿಯಲಾರದು ಎನ್ನುವವರ ಮಾತು ನಂಬಬೇಡಿ. ವ್ಯತ್ಯಾಸ ಇರುವುದು ಬೇರೆಡೆ. ಸಿಲಿಂಡರಿನ ಗ್ಯಾಸ್ ಒತ್ತಡದಲ್ಲಿದೆ. ಒಂದು ರಬ್ಬರ್ ನಳಿಗೆ ಬಿರಿದರೆ ರಾತ್ರಿಯಿಡೀ ತಾನೇ ಸುರಿಯುತ್ತದೆ. ಚೆಲ್ಲಿದ ಸ್ಪಿರಿಟ್ ದ್ರವವಾಗಿ ಕಣ್ಣಿಗೆ ಕಾಣುತ್ತದೆ, ಒರೆಸಲು ಬರುತ್ತದೆ, ನೀರು ಸುರಿದರೆ ಅದರಲ್ಲಿ ಕರಗಿ ಹೋಗುತ್ತದೆ.

ನೀರಿಗೆ ಸೋಲುವ ಬೆಂಕಿ, ಆದರೆ ಒಂದು ಷರತ್ತು

ಸೀಮೆಎಣ್ಣೆಯ ಬೆಂಕಿಗೆ ನೀರು ಹಾಕಬಾರದೆಂದು ಎಲ್ಲರಿಗೂ ಗೊತ್ತು: ಎಣ್ಣೆ ನೀರಿನ ಮೇಲೆ ತೇಲಿ, ಉರಿಯುತ್ತಲೇ ಹರಡುತ್ತದೆ. ಎಥನಾಲ್ ಹಾಗಲ್ಲ, ಎಷ್ಟು ನೀರು ಹಾಕಿದರೂ ಅದರೊಂದಿಗೆ ಬೆರೆಯುತ್ತದೆ. ತೆಳ್ಳಗಾದಂತೆ ಆವಿ ಕಡಿಮೆಯಾಗಿ ಉರಿ ನಿಲ್ಲುತ್ತದೆ. ಸುತ್ತಲೂ ನೀರೇ ಇರುವ ದೋಣಿಯವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ?

ಷರತ್ತು ಏನೆಂದರೆ, ನೀರು ಧಾರಾಳವಾಗಿರಬೇಕು. ಸ್ಪಿರಿಟ್‌ನಷ್ಟೇ ನೀರು ಬೆರೆತ ಮಿಶ್ರಣವೂ ಸುಮಾರು 24 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲದು. ಒಂದು ಲೋಟ ನೀರು ರಪ್ಪನೆ ಎರಚಿದರೆ ಬೆಂಕಿ ಆರುವ ಬದಲು, ಉರಿಯುತ್ತಿರುವ ಸ್ಪಿರಿಟ್ ಅಂಚಿನಿಂದ ಹಾರಿ ಪರದೆಗೆ, ಹಾಸಿಗೆಗೆ ತಾಗುತ್ತದೆ. ಮೊದಲು ಮುಚ್ಚಳ ಮುಚ್ಚುವುದು ಅಥವಾ ಬೆಂಕಿ ನಂದಿಸುವ ಕಂಬಳಿ ಹೊದಿಸುವುದು, ಆಮೇಲೆ ನೀರು. ಬಲ್ಲವರ ಕ್ರಮ ಇದು.

ಪಂಪಿನ ಒಲೆ ತಂದ ಕೆಟ್ಟ ಹೆಸರು

1892ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಪ್ರೈಮಸ್ ಒಲೆಯ ವಂಶದ ಪಂಪ್ ಸ್ಟೌ ನಮ್ಮ ಊರುಗಳಲ್ಲಿ ಗ್ಯಾಸ್ ಬರುವ ತನಕ ಮೆರೆಯಿತು. ಬರ್ನರಿನ ಕೆಳಗಿನ ಬಟ್ಟಲಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಹೊತ್ತಿಸುವುದು, ಬರ್ನರ್ ಕಾದ ಮೇಲೆ ಪಂಪ್ ಹೊಡೆಯುವುದು, ತೂತು ಕಟ್ಟಿದರೆ ಪಿನ್ನು ಆಡಿಸುವುದು ಐವತ್ತು ದಾಟಿದವರಿಗೆ ನೆನಪಿರಬೇಕು. ಅಮೆರಿಕದ ವಿಹಾರ ದೋಣಿಗಳಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಳಕೆಯಲ್ಲಿದ್ದ ಸ್ಪಿರಿಟ್ ಒಲೆಯೂ ಇದೇ ಜಾತಿಯದು. ಟ್ಯಾಂಕಿನಲ್ಲಿ ಸೀಮೆಎಣ್ಣೆಯ ಬದಲು ಸ್ಪಿರಿಟ್, ಅಷ್ಟೇ ವ್ಯತ್ಯಾಸ.

ತೊಂದರೆ ಶುರುವಾಗುತ್ತಿದ್ದುದು ಕಾಯಿಸುವ ಹಂತದಲ್ಲಿ. ಬರ್ನರ್ ಸಾಕಷ್ಟು ಕಾಯದೆ ತಿರುಪು ತೆರೆದರೆ ಆವಿಯ ಬದಲು ದ್ರವವೇ ಚಿಮ್ಮುತ್ತದೆ. ಅದು ಉರಿಯುತ್ತ ಒಲೆಯ ತಟ್ಟೆಗೆ ಇಳಿಯುತ್ತದೆ, ಜ್ವಾಲೆ ಮಾಡಿನವರೆಗೆ ಏಳುತ್ತದೆ. ನೆಲದ ಮೇಲೆ ನಿಂತು ಮಾಡುವಾಗಲೇ ಇದಕ್ಕೆ ತಾಳ್ಮೆ ಬೇಕು. ಓಲಾಡುವ ದೋಣಿಯಲ್ಲಿ, ಹೊಟ್ಟೆ ತೊಳಸುತ್ತಿರುವಾಗ, ಬಟ್ಟಲಿನ ಸ್ಪಿರಿಟ್ ತುಳುಕುತ್ತಿರುವಾಗ ಕೇಳಬೇಕೇ? ಸ್ಪಿರಿಟ್ ಒಲೆ ಅಪಾಯಕಾರಿ ಎಂಬ ಮಾತಿನ ದೊಡ್ಡ ಪಾಲು ಈ ಪಂಪಿನ ಒಲೆಯ ಕಾಲದ್ದು.

ಹೀರಿ ಹಿಡಿದಿಡುವ ಡಬ್ಬಿ

ಪರಿಹಾರವೂ ಸ್ವೀಡನ್ನಿನಿಂದಲೇ ಬಂತು. ‘ಒರಿಗೊ’ ಹೆಸರಿನ ಒಲೆಯಲ್ಲಿ ಪಂಪು ಇಲ್ಲ, ಒತ್ತಡ ಇಲ್ಲ, ಕೊಳವೆ ಇಲ್ಲ, ಪಿನ್ನೂ ಬೇಡ. ಪ್ರತಿ ಬರ್ನರಿನ ಕೆಳಗೆ ಸುಮಾರು 1.2 ಲೀಟರ್ ಹಿಡಿಯುವ ದುಂಡನೆಯ ಸ್ಟೀಲ್ ಡಬ್ಬಿ. ಅದರ ತುಂಬ ಹತ್ತಿಯಂಥ ಹೀರುವ ವಸ್ತು, ಬಾಯಿಗೆ ಲೋಹದ ಜಾಲರಿ. ಸುರಿದ ಸ್ಪಿರಿಟನ್ನು ಆ ವಸ್ತು ಹೀರಿಕೊಳ್ಳುತ್ತದೆ; ಅತಿಯಾಗಿ ತುಂಬಿಸದಿದ್ದರೆ ಡಬ್ಬಿ ಬೋರಲಾದರೂ ಚೆಲ್ಲುವುದಿಲ್ಲ. ಜಾಲರಿಯ ಮೂಲಕ ಏಳುವ ಆವಿ ಮಾತ್ರ ಉರಿಯುತ್ತದೆ. ಗುಬುಟು ತಿರುಗಿಸಿದರೆ ಒಂದು ತಗಡು ಜಾರಿ ಬಾಯಿಯನ್ನು ಅರ್ಧ ಮುಚ್ಚುತ್ತದೆ, ಉರಿ ಸಣ್ಣದಾಗುತ್ತದೆ. ಪೂರ್ತಿ ಮುಚ್ಚಿದರೆ ಆರುತ್ತದೆ.

ಕೆಡುವಂಥ ಭಾಗಗಳೇ ಇಲ್ಲದ ಈ ಸರಳತೆಗೆ ನಾವಿಕರು ಮನಸೋತರು. ತಯಾರಿಕೆ ನಿಂತ ಮೇಲೂ ಹಳೆಯ ಒರಿಗೊ ಒಲೆಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಒಂದು ಸಣ್ಣ ಕಿರಿಕಿರಿ ಮಾತ್ರ ಇದೆ: ಬಳಸದಿರುವಾಗಲೂ ಸ್ಪಿರಿಟ್ ಜಾಲರಿಯಿಂದ ಆವಿಯಾಗುತ್ತಿರುತ್ತದೆ. ಡಬ್ಬಿಯ ಬಾಯಿಗೆ ರಬ್ಬರ್ ಮುಚ್ಚಳ ಒತ್ತಿಡದಿದ್ದರೆ ಇಂಧನವೂ ಹೋಗುತ್ತದೆ, ಕೋಣೆಯ ತುಂಬ ಆಸ್ಪತ್ರೆಯ ವಾಸನೆ ಬೇರೆ.

ಚಾರಣಿಗರ ‘ಟ್ರಾಂಜಿಯಾ’ ಮಾದರಿಯ ಹಿತ್ತಾಳೆ ಬಟ್ಟಲು ಒಲೆ ಬೇರೆ. ದಾಂಡೇಲಿಯ ಕಡೆ ಡೇರೆ ಹಾಕಲು ಹೋಗುವ ಹುಡುಗರು ಆನ್‌ಲೈನ್‌ನಲ್ಲಿ ತರಿಸುವುದು ಹೆಚ್ಚಾಗಿ ಇಂಥದ್ದನ್ನು. ಅದರೊಳಗೆ ಸ್ಪಿರಿಟ್ ತೆರೆದ ದ್ರವವಾಗಿಯೇ ಇರುತ್ತದೆ. ಕಾಲು ತಾಗಿದರೆ ಉರಿಯುತ್ತಲೇ ಚೆಲ್ಲುತ್ತದೆ, ಆದ್ದರಿಂದ ದೋಣಿಗೆ ಹೇಳಿಮಾಡಿಸಿದ್ದಲ್ಲ.

ಅಲೆಯ ಮೇಲೆ ಪಾತ್ರೆ ನಿಲ್ಲಿಸುವುದು

ಗಾಳಿಗೆ ಹಾಯಿದೋಣಿ ಒಂದು ಮಗ್ಗುಲಿಗೆ ವಾಲಿಕೊಂಡೇ ಗಂಟೆಗಟ್ಟಲೆ ಸಾಗುತ್ತದೆ. ಅದಕ್ಕಾಗಿ ಒಲೆಯನ್ನು ಎರಡು ಗೂಟಗಳ ನಡುವೆ ತೂಗುಹಾಕುತ್ತಾರೆ. ಜಾತ್ರೆಯ ದೊಡ್ಡ ಚಕ್ರ ಎಷ್ಟೇ ತಿರುಗಿದರೂ ಅದರ ತೊಟ್ಟಿಲುಗಳು ನೆಟ್ಟಗೇ ಜೋತಾಡುತ್ತವಲ್ಲ, ಹಾಗೆ ದೋಣಿ ಎತ್ತ ವಾಲಿದರೂ ಒಲೆ ಮಟ್ಟವಾಗಿ ನಿಲ್ಲುತ್ತದೆ. ಪಾತ್ರೆ ಜಾರದಂತೆ ಸುತ್ತ ಕಂಬಿ ಬಿಗಿಯುತ್ತಾರೆ. ಪ್ರೆಶರ್ ಕುಕ್ಕರ್ ಅಲ್ಲಿ ಎರಡು ಕಾರಣಕ್ಕೆ ಪ್ರಿಯ: ಇಂಧನ ಉಳಿತಾಯ ಒಂದು, ಮುಚ್ಚಳ ಬಿಗಿದಿರುವುದರಿಂದ ಕುದಿವ ಸಾರು ಮೈಮೇಲೆ ಬೀಳದು ಎಂಬುದು ಇನ್ನೊಂದು.

ಶಾಖದ ಲೆಕ್ಕ

ಒಂದು ಕಿಲೋ ಎಲ್‌ಪಿಜಿ ಸುಮಾರು 46 ಮೆಗಾಜೂಲ್ ಶಾಖ ಕೊಡುತ್ತದೆ, ಸೀಮೆಎಣ್ಣೆ 43. ಎಥನಾಲ್ ಕೊಡುವುದು 27 ಮಾತ್ರ. ಲೀಟರಿಗೆ ಲೆಕ್ಕ ಹಾಕಿದರೆ 21, ಏಕೆಂದರೆ ಒಂದು ಲೀಟರ್ ಎಥನಾಲ್ ತೂಗುವುದು 790 ಗ್ರಾಂ. ಅದರ ಅಣುವಿನಲ್ಲಿ ಆಗಲೇ ಒಂದು ಆಮ್ಲಜನಕ ಕುಳಿತಿದೆ. ಅಷ್ಟರಮಟ್ಟಿಗೆ ಅದು ಉರಿಯುವ ಮೊದಲೇ ಅರೆ ಉರಿದ ಇಂಧನ. ಅದೇ ಕಾರಣಕ್ಕೆ ಅದು ಮಸಿ ಕಡಿಮೆ ಮಾಡಿ ಶುಭ್ರವಾಗಿ ಉರಿಯುತ್ತದೆ ಎಂಬುದನ್ನೂ ಹೇಳಬೇಕು.

25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ತನಕ ತರಲು 314 ಕಿಲೋಜೂಲ್ ಬೇಕು. ಉರಿಯ ಅರ್ಧ ಶಾಖ ಪಾತ್ರೆಗೆ ತಲುಪಿ ಉಳಿದರ್ಧ ಗಾಳಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ ಸುಮಾರು 30 ಮಿಲಿಲೀಟರ್ ಸ್ಪಿರಿಟ್ ಖರ್ಚು. ಅಷ್ಟೇ ಕೆಲಸಕ್ಕೆ ಗ್ಯಾಸ್ 14 ಗ್ರಾಂ ಸಾಕು. ಇಬ್ಬರ ಅನ್ನ, ಸಾರು, ನಾಲ್ಕಾರು ಕಪ್ ಚಹಾಕ್ಕೆ ದಿನಕ್ಕೆ ಕಾಲು ಲೀಟರ್ ಆಸುಪಾಸಿನ ಸ್ಪಿರಿಟ್ ಹಿಡಿಯುತ್ತದೆ.

ಉರಿಯ ಜೋರೂ ಸಾಧಾರಣ. ಉಪ್ಪಿಟ್ಟು, ಅವಲಕ್ಕಿ, ಬೇಳೆ ತಕರಾರಿಲ್ಲದೆ ಆಗುತ್ತವೆ. ಜೋಳದ ರೊಟ್ಟಿಗೆ ಬೇಕಾದಂತೆ ಕಬ್ಬಿಣದ ಹಂಚನ್ನು ಬಿಡುವಿಲ್ಲದೆ ಕಾಯಿಸಿಡುವುದು ಅದಕ್ಕೆ ಕಷ್ಟ. ಅಂದಹಾಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ದೋಣಿ ಹತ್ತುವವರಿಗೆ ಈ ಲೇಖನದ ಅರ್ಧ ಭಾಗ ಬೇಕಾಗುವುದೇ ಇಲ್ಲ.

ಇನ್ನೊಂದು ಲೆಕ್ಕ ತೇವದ್ದು. ಒಂದು ಕಿಲೋ ಎಥನಾಲ್ ಉರಿದರೆ ಸುಮಾರು 1.2 ಕಿಲೋ ನೀರಾವಿ ಹುಟ್ಟುತ್ತದೆ. ಅಷ್ಟೇ ಶಾಖ ಕೊಡುವ ಗ್ಯಾಸ್‌ಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಕಾಲು ಪಾಲು ಜಾಸ್ತಿ. ಸಣ್ಣ ಕೋಣೆಯ ಗೋಡೆಗಳು ಬೆವರುತ್ತವೆ, ಹಾಸಿಗೆ ಒದ್ದೆಯಾಗುತ್ತದೆ.

ಕಾಣದ ಜ್ವಾಲೆ

ಸ್ಪಿರಿಟ್ ಒಲೆಯ ನಿಜವಾದ ಅಪಾಯ ಒಂದೇ ಕ್ಷಣದಲ್ಲಿ ಅಡಗಿದೆ: ಇಂಧನ ಮತ್ತೆ ತುಂಬಿಸುವ ಕ್ಷಣ. ಅದರ ಜ್ವಾಲೆ ತೆಳು ನೀಲಿ. ಹಗಲು ಬೆಳಕಿನಲ್ಲಿ, ಅದರಲ್ಲೂ ಬಿಸಿಲಿನಲ್ಲಿ, ಕಾಣುವುದೇ ಇಲ್ಲ. ಆರಿದೆ ಎಂದುಕೊಂಡು ಬಾಟಲಿ ಬಗ್ಗಿಸಿದರೆ ಬೆಂಕಿ ಸುರಿಯುವ ಧಾರೆಯನ್ನೇ ಹಿಡಿದು ಮೇಲೇರುತ್ತದೆ. ಅರ್ಧ ಖಾಲಿಯಾದ ಬಾಟಲಿಯೊಳಗೆ ಆವಿ ಮತ್ತು ಗಾಳಿ ಬೆರೆತು ನಿಂತಿರುತ್ತದೆ. ಅದು ಹೊತ್ತಿದಾಗ ಬಾಟಲಿಯ ಬಾಯಿಂದ ಬೆಂಕಿ ಉದ್ದಕ್ಕೆ ಚಿಮ್ಮುತ್ತದೆ. ಸುಡುವುದು ಸುರಿಯುವವನ ಕೈ ಮಾತ್ರವಲ್ಲ, ಎದುರಿಗೆ ಕುಳಿತವರ ಮುಖವೂ. ಬಫೆಯ ಡಬ್ಬಿಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಮಂಟಪದಲ್ಲಿ ಮಕ್ಕಳು ಅವುಗಳ ಸುತ್ತಲೇ ಓಡಾಡುತ್ತಿರುತ್ತಾರೆ.

ಹೀಗಾಗಿ ನಾವಿಕರ ನಿಯಮ ಕಟ್ಟುನಿಟ್ಟು. ಡಬ್ಬಿ ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವ ತನಕ ಕಾಯಬೇಕು. ಅದನ್ನು ಒಲೆಯಿಂದ ಹೊರತೆಗೆದು, ಕೋಣೆಯಿಂದಲೂ ಹೊರಗೆ ಒಯ್ದು ತುಂಬಿಸಬೇಕು. ಎರಡು ಬರ್ನರುಗಳಲ್ಲಿ ಒಂದು ಉರಿಯುತ್ತಿರುವಾಗ ಇನ್ನೊಂದಕ್ಕೆ ತುಂಬಿಸಕೂಡದು. ಒಲೆಯಲ್ಲಿ ಪೆಟ್ರೋಲ್ ಹಾಕುವ ಯೋಚನೆಯೇ ಬೇಡ: ಅದರಲ್ಲಿ ಐದನೇ ಒಂದು ಪಾಲು ಎಥನಾಲ್ ಇದೆ ಎಂಬುದು ನಿಜ, ಉಳಿದ ನಾಲ್ಕು ಪಾಲು ಪೆಟ್ರೋಲೇ. ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿನ ಗ್ಲಿಸರಿನ್ ಮತ್ತು ನೀರು ಹೀರುವ ವಸ್ತುವನ್ನು ಕೆಡಿಸುತ್ತವೆ.

ಗಾಳಿಯಾಡದ ಕಡೆ ಉರಿಸಿದರೆ ಎಲ್ಲ ಒಲೆಗಳಂತೆ ಇದೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆಂದು ಡೇರೆಯೊಳಗೆ ಒಲೆ ಹೊತ್ತಿಸಿಟ್ಟು ಮಲಗುವುದು ಜೀವಕ್ಕೇ ಕುತ್ತು.

ಸ್ಪಿರಿಟ್ ಕೊಳ್ಳುವುದು, ಒಯ್ಯುವುದು

ಒಲೆ ತರಿಸುವುದು ಸುಲಭ, ಸ್ಪಿರಿಟ್ ತರುವುದು ಅಷ್ಟು ಸುಲಭವಲ್ಲ. ಕರ್ನಾಟಕದಲ್ಲಿ ಕೆಡಿಸಿದ ಸ್ಪಿರಿಟ್ ಕೂಡ 1965ರ ಅಬಕಾರಿ ಕಾಯ್ದೆಯ ಹಿಡಿತದಲ್ಲಿದೆ. ಪರವಾನಗಿ ಉಳ್ಳವರಿಂದಲೇ ಕೊಳ್ಳಬೇಕು. ಡಬ್ಬದ ಮೇಲೆ ಅದು ಎಥನಾಲೋ ಮೆಥನಾಲೋ ಎಂದು ಬರೆದಿರದಿದ್ದರೆ ಬಿಟ್ಟುಬಿಡುವುದು ಒಳಿತು.

ಹುಬ್ಬಳ್ಳಿಯಿಂದ ವಾಸ್ಕೋ ರೈಲು ಹತ್ತಿ ಗೋವಾದಲ್ಲಿ ದೋಣಿ ಏರುವವರು ಇನ್ನೊಂದನ್ನು ಗಮನಿಸಬೇಕು. ಪ್ರಯಾಣಿಕರ ಬೋಗಿಯಲ್ಲಿ ಹೊತ್ತಿಕೊಳ್ಳುವ ದ್ರವ ಒಯ್ಯುವುದು 1989ರ ರೈಲ್ವೆ ಕಾಯ್ದೆಯಂತೆ ಅಪರಾಧ, ಮೂರು ವರ್ಷದವರೆಗೆ ಸೆರೆವಾಸವಿದೆ. 2023ರ ಆಗಸ್ಟ್‌ನಲ್ಲಿ ಮದುರೈ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಗುಟ್ಟಾಗಿ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು. ವಿಮಾನದಲ್ಲಿಯೂ ಶೇ 70ಕ್ಕಿಂತ ಗಟ್ಟಿಯಾದ ಆಲ್ಕೋಹಾಲಿಗೆ ಪ್ರವೇಶವಿಲ್ಲ.

ದಡಕ್ಕೆ ಬಂದ ಒಲೆ

ಒರಿಗೊದ ತಂತ್ರವನ್ನೇ ಬಳಸಿದ ‘ಕ್ಲೀನ್‌ಕುಕ್’ ಎಂಬ ಒಲೆ ಇಥಿಯೋಪಿಯದಲ್ಲಿ ದಡ ಹತ್ತಿದೆ. ಸೋಮಾಲಿ ನಿರಾಶ್ರಿತರ ಶಿಬಿರಗಳಲ್ಲಿ ಕಟ್ಟಿಗೆಗಾಗಿ ಮೈಲುಗಟ್ಟಲೆ ಅಲೆಯುತ್ತಿದ್ದ ಹೆಂಗಸರಿಗೆ ಅದನ್ನು ಹಂಚಲಾಯಿತು, ಇಂಧನ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂತು. ನಮ್ಮ ಪಕ್ಕದ ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅರ್ಧದಷ್ಟು ನೀರೇ ಇರುವ ಎಥನಾಲಿನಿಂದ ಉರಿಯುವ ಒಲೆಯನ್ನು ರೂಪಿಸಿದೆ. ಅಷ್ಟು ತೆಳುವಾದ ಎಥನಾಲ್ ತಯಾರಿಸಲು ಭಟ್ಟಿಯ ಖರ್ಚು ಕಡಿಮೆ, ಮನೆಯಲ್ಲಿಡಲು ಅಪಾಯವೂ ಕಡಿಮೆ.

ಇನ್ನು ಗೋವಿನಜೋಳ. ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 38 ಲೀಟರ್ ಎಥನಾಲ್ ಬರುತ್ತದೆ. 14.2 ಕಿಲೋ ಸಿಲಿಂಡರಿನ ಶಾಖಕ್ಕೆ ಸಮನಾಗಲು 31 ಲೀಟರ್ ಬೇಕು, ಅಂದರೆ ಒಂದು ಸಿಲಿಂಡರಿಗೆ ಎಂಬತ್ತು ಕಿಲೋ ಕಾಳು. ಗೋವಿನಜೋಳದ ಎಥನಾಲಿಗೆ 2025ರಲ್ಲಿ ತೈಲ ಕಂಪನಿಗಳು ಕೊಡುತ್ತಿದ್ದ ದರ ಲೀಟರಿಗೆ 71 ರೂಪಾಯಿ 86 ಪೈಸೆ; ಆ ಲೆಕ್ಕದಲ್ಲಿ, ತೆರಿಗೆ ಮತ್ತು ಸಾಗಣೆ ಸೇರಿಸದೆಯೇ, 31 ಲೀಟರಿಗೆ ಸುಮಾರು 2,200 ರೂಪಾಯಿ. 2025ರ ಕೊನೆಯಲ್ಲಿ ಮನೆಬಳಕೆಯ ಸಿಲಿಂಡರ್ ಒಂಬೈನೂರರ ಆಸುಪಾಸಿನಲ್ಲಿತ್ತು. ವಾರದ ಪ್ರಯಾಣಕ್ಕೆ ಎರಡು ಲೀಟರ್ ಸಾಕಾಗುವ ನಾವಿಕನಿಗೆ ಈ ಅಂತರ ತಟ್ಟುವುದಿಲ್ಲ. ತಿಂಗಳಿಗೊಂದು ಸಿಲಿಂಡರ್ ಮುಗಿಸುವ ಕುಟುಂಬಕ್ಕೆ ದಿನಕ್ಕೊಂದು ಲೀಟರ್ ಬೇಕು. 13 ಡಿಗ್ರಿಗೇ ಹೊತ್ತಿಕೊಳ್ಳುವ ಮೂವತ್ತು ಲೀಟರ್ ದ್ರವವನ್ನು ಏಪ್ರಿಲ್ ಬಿಸಿಲಿನ ಹುಬ್ಬಳ್ಳಿಯಲ್ಲಿ ಎಲ್ಲಿ ಇಡಬೇಕು ಎಂಬುದು ಅದರ ಮೇಲಿನ ಪ್ರಶ್ನೆ.